ಎರಡೂ ಕೈಗಳು ಸರಿ ಇರಬೇಕು: ಒಂದು ನಿಯಮದ ಓದು

ವಿಮರ್ಶೆ ಎಂದರೆ ಕವಿತೆ, ಕತೆ, ಕಾದಂಬರಿಗಳಿಗೆ ಸಂಬಂಧಿಸಿದ್ದು ಎಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ಸರಕಾರಿ ಗಜೆಟ್ಟನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಆದರೆ ಕವಿತೆಯ ಒಂದು ಸಾಲು ಕೆಟ್ಟರೆ ಕೆಡುವುದು ಆ ಕವಿತೆ ಮಾತ್ರ. ಗಜೆಟ್ಟಿನ ಒಂದು ಸಾಲು ಕೆಟ್ಟರೆ ಎಷ್ಟೋ ಮಕ್ಕಳ ಬದುಕು ಕೆಡುತ್ತದೆ. ಆದ್ದರಿಂದ ಈ ಬಾರಿ ನಾವು ಓದಲು ಎತ್ತಿಕೊಂಡಿರುವುದು ಒಂದು ನಿಯಮವನ್ನು, ಅದರಲ್ಲೂ ಮುಖ್ಯವಾಗಿ ಅದರ ಒಂದೇ ಒಂದು ವಾಕ್ಯವನ್ನು.

2019ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಮಂಡಳಿಯು ಎಂಬಿಬಿಎಸ್ ಸೇರಬಯಸುವ ಅಂಗವಿಕಲ ವಿದ್ಯಾರ್ಥಿಗಳ ಅರ್ಹತೆಯ ಕುರಿತು ಮಾರ್ಗಸೂಚಿಯೊಂದನ್ನು ಹೊರಡಿಸಿತು. ಅದರಲ್ಲಿದ್ದ ಒಂದು ಷರತ್ತಿನ ತಾತ್ಪರ್ಯ ಇಷ್ಟು: ವೈದ್ಯಕೀಯ ಶಿಕ್ಷಣಕ್ಕೆ ಅರ್ಹರೆನಿಸಬೇಕಾದರೆ ಎರಡೂ ಕೈಗಳು ಊನವಿಲ್ಲದೆ ಇರಬೇಕು, ಅವುಗಳಲ್ಲಿ ಸ್ಪರ್ಶಜ್ಞಾನ ಇರಬೇಕು, ಸಾಕಷ್ಟು ಬಲವೂ ಚಲನೆಯೂ ಇರಬೇಕು.

ಮೊದಲ ಓದಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ವೈದ್ಯರಾದವರಿಗೆ ಕೈ ಬೇಡವೇ ಎಂದು ಯಾರಾದರೂ ಕೇಳಿಯಾರು. ಎರಡನೆಯ ಬಾರಿ ಓದಿದಾಗ ಮಾತ್ರ ವಾಕ್ಯದ ಒಳಗಿರುವುದು ಕಾಣತೊಡಗುತ್ತದೆ. ಈ ವಾಕ್ಯ ವೈದ್ಯರು ಏನು ಮಾಡಬೇಕು ಎಂದು ಹೇಳುವುದಿಲ್ಲ, ವೈದ್ಯರು ಹೇಗೆ ಕಾಣಬೇಕು ಎಂದು ಹೇಳುತ್ತದೆ. ರೋಗ ಗುರುತಿಸುವ ಬುದ್ಧಿ, ರೋಗಿಯ ಮಾತಿಗೆ ಕೊಡುವ ಕಿವಿ, ಔಷಧದ ಜ್ಞಾನ, ತಪ್ಪನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಇವು ಯಾವುವೂ ಅದಕ್ಕೆ ಬೇಕಿಲ್ಲ. ಅದು ಮೊದಲು ಒಂದು ದೇಹವನ್ನು ಕಲ್ಪಿಸಿಕೊಂಡು, ಆ ಅಚ್ಚಿಗೆ ಹೊಂದದವರನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಶೇಕಡಾವಾರು ಲೆಕ್ಕದ ಒಂದು ಪಟ್ಟಿಯೂ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿ ಶೇಕಡಾ 5ರ ಮೀಸಲಾತಿ ಸಿಗಬೇಕಾದರೆ ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಮಾತಿನ ವೈಕಲ್ಯವುಳ್ಳವರ ಬಗ್ಗೆ ಮಾರ್ಗಸೂಚಿ ಹೇಳಿದ್ದೇನು? ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಎಂಬಿಬಿಎಸ್ ಓದಬಹುದು, ಆದರೆ ಮೀಸಲಾತಿ ಇಲ್ಲ. ಶೇಕಡಾ 40 ಮುಟ್ಟಿದರೆ ಎಂಬಿಬಿಎಸ್ಸೇ ಇಲ್ಲ. ಹಾಗಾದರೆ ಮೀಸಲಾತಿ ಯಾರಿಗೆ? ಪಟ್ಟಿಯನ್ನು ಮೇಲಿಂದ ಕೆಳಗೆ ಎಷ್ಟು ಬಾರಿ ನೋಡಿದರೂ ಆ ಸಾಲಿನಲ್ಲಿ ಒಬ್ಬರೂ ಉಳಿಯುವುದಿಲ್ಲ. ಸಂಸತ್ತು ಒಂದು ಕೈಯಿಂದ ಕೊಟ್ಟದ್ದನ್ನು ಮಂಡಳಿ ಇನ್ನೊಂದು ಕೈಯಿಂದ ಕಿತ್ತುಕೊಂಡಿತ್ತು. ಮಂಡಳಿಯ ಎರಡೂ ಕೈಗಳು ಚೆನ್ನಾಗಿಯೇ ಇದ್ದವು!

ಈ ಪಟ್ಟಿಯ ಎದುರು ಮಹಾರಾಷ್ಟ್ರದ ಒಬ್ಬ ಹುಡುಗ ನಿಂತ. ಆತನ ಮಾತಿನ ವೈಕಲ್ಯವನ್ನು ಶೇಕಡಾ 40ಕ್ಕಿಂತ ತುಸು ಹೆಚ್ಚು ಎಂದು ಅಳೆದು ಬಾಗಿಲು ಮುಚ್ಚಲಾಗಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. 2024ರ ಅಕ್ಟೋಬರ್ 15ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ, ಅರವಿಂದ ಕುಮಾರ್ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಕೊಟ್ಟ ತೀರ್ಪು, ಅಂಕಿಯೊಂದೇ ಯಾರನ್ನೂ ಅನರ್ಹಗೊಳಿಸಲಾರದು ಎಂದಿತು. ವೈಕಲ್ಯ ಎಷ್ಟು ಎಂದು ಅಳೆದು ಮುಗಿಸುವಂತಿಲ್ಲ, ಈ ವ್ಯಕ್ತಿ ಓದನ್ನು ಪೂರೈಸಬಲ್ಲರೇ ಎಂಬುದನ್ನು ಪರಿಶೀಲಿಸಿ, ಇಲ್ಲವೆಂದಾದರೆ ಕಾರಣವನ್ನು ಬರೆದು ಕೊಡಬೇಕು ಎಂದಿತು. ಹತ್ತೇ ದಿನಗಳ ಬಳಿಕ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿದ್ದ, ಶೇಕಡಾ 88ರ ವೈಕಲ್ಯವೆಂದು ದಾಖಲಾಗಿದ್ದ ವಿದ್ಯಾರ್ಥಿಯ ಪರವಾಗಿ ನಿಂತಿತು.

ಎರಡೂ ಕೈಗಳ ವಾಕ್ಯದ ಸರದಿ ಬಂದದ್ದು 2025ರ ಫೆಬ್ರವರಿ 21ರಂದು. ಕಾಲು ಮತ್ತು ಕೈಬೆರಳುಗಳ ವೈಕಲ್ಯವಿದ್ದ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಗವಾಯಿ ಮತ್ತು ವಿಶ್ವನಾಥನ್ ಅವರು ಈ ಷರತ್ತನ್ನು ಊನವಿಲ್ಲದವರ ಅಹಂಕಾರದಿಂದ ಹುಟ್ಟಿದ್ದೆಂದು ಗುರುತಿಸಿದರು. ಅಂಥ ಷರತ್ತಿಗೆ ಕಾಯ್ದೆಯಲ್ಲಿ ಸ್ಥಾನವಿಲ್ಲ ಎಂದರು. ವೈದ್ಯಕೀಯ ಮಂಡಳಿಯ ಐವರು ಸದಸ್ಯರು ಆಗದು ಎಂದಿದ್ದರು. ಒಬ್ಬರು ಮಾತ್ರ, ದೆಹಲಿಯ ವೈದ್ಯ, ಸ್ವತಃ ಅಂಗವಿಕಲರೂ ಆಗಿರುವ ಡಾ. ಸತೇಂದ್ರ ಸಿಂಗ್, ಬೇರೆ ವರದಿ ಬರೆದು ಯಾವ ಅನುಕೂಲ ಒದಗಿಸಿದರೆ ಯಾವ ಕೆಲಸ ಆಗುತ್ತದೆ ಎಂದು ವಿವರಿಸಿದ್ದರು. ನ್ಯಾಯಾಲಯ ಆ ಒಬ್ಬರ ಮಾತನ್ನು ಎತ್ತಿಹಿಡಿಯಿತು. ಬಹುಮತ ಹೇಳಿದ್ದು ಬರಿಯ ತೀರ್ಮಾನವನ್ನು, ಅವರು ಹೇಳಿದ್ದು ಕಾರಣಗಳನ್ನು.

ಇಷ್ಟಾದ ಮೇಲೂ ಒಂದು ಸಂಶಯ ಉಳಿಯುತ್ತದೆ. ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ರೋಗಿಯ ಜೀವದ ಗತಿಯೇನು? ತುರ್ತು ಹೊತ್ತಿನಲ್ಲಿ ಎದೆಯೊತ್ತಬೇಕಾದ ಕೈಗೆ ಬಲವಿಲ್ಲದಿದ್ದರೆ? ಎದೆಬಡಿತ ಕೇಳಬೇಕಾದ ಕಿವಿ ಕೇಳಿಸದಿದ್ದರೆ? ಇದು ಕೆಟ್ಟ ಮನಸ್ಸಿನ ಪ್ರಶ್ನೆಯಲ್ಲ. ಆಸ್ಪತ್ರೆಯ ಮಂಚದ ಬಳಿ ಕುಳಿತ ಯಾರಿಗಾದರೂ ಬರಬಹುದಾದ ಭಯ.

ಈ ಭಯಕ್ಕೆ ನಮ್ಮಲ್ಲಿ ಹಳೆಯದೊಂದು ಉತ್ತರವಿದೆ. ಕೇರಳದಲ್ಲಿ ಹುಟ್ಟಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯೆಯಾಗಿದ್ದ ಮೇರಿ ವರ್ಗೀಸ್ 1954ರಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರ ಒತ್ತಾಸೆಯಿಂದ ಆಕೆ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆಗೆ ಮರಳಿದರು. ಆಕೆ ಸರಿಪಡಿಸುತ್ತಿದ್ದುದು ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡು ಮುದುಡಿಹೋದ ಕೈಗಳನ್ನು. ಮುಂದೆ ಪುನರ್ವಸತಿ ಚಿಕಿತ್ಸೆಯಲ್ಲಿ ತರಬೇತಿ ಪಡೆದು 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆಯನ್ನು ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು. ಸ್ಪರ್ಶಜ್ಞಾನವಿಲ್ಲದ ಕೈಗಳಿಗೆ ಬದುಕು ಮರಳಿಸಿದ ವೈದ್ಯೆ ಸ್ವತಃ ನಡೆಯಲಾರದವರಾಗಿದ್ದರು.

ಮುಂಬಯಿಯ ಕ್ಯಾನ್ಸರ್ ತಜ್ಞ ಸುರೇಶ್ ಅಡ್ವಾಣಿ ಅವರಿಗೆ ಎಂಟನೆಯ ವಯಸ್ಸಿನಲ್ಲಿ ಪೋಲಿಯೋ. ಅವರ ಅರ್ಜಿಯನ್ನು ವೈದ್ಯಕೀಯ ಕಾಲೇಜು ಮೊದಲು ತಿರಸ್ಕರಿಸಿತ್ತು. ಹಟ ಬಿಡದೆ ಸೀಟು ಪಡೆದರು. ಭಾರತದಲ್ಲಿ ಅಸ್ಥಿಮಜ್ಜೆ ಕಸಿಗೆ ನಾಂದಿ ಹಾಡಿದವರಲ್ಲಿ ಅವರು ಅಗ್ರಗಣ್ಯರು. 1983ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅದನ್ನು ನೆರವೇರಿಸಿದರು.

ಈ ಇಬ್ಬರ ಕತೆಯಲ್ಲಿ ಒಂದು ವ್ಯತ್ಯಾಸವಿದೆ. ಮೇರಿ ವರ್ಗೀಸರಿಗೆ ವೈಕಲ್ಯ ಬಂದಾಗ ಅವರು ಆಗಲೇ ವೈದ್ಯೆಯಾಗಿದ್ದರು, ಆಸ್ಪತ್ರೆಯ ಒಳಗಿದ್ದರು. ಅವರನ್ನು ಕಳೆದುಕೊಳ್ಳಲು ಮನಸ್ಸಿಲ್ಲದ ಸಹೋದ್ಯೋಗಿಗಳು ಅವರಿಗೆ ತಕ್ಕ ಕೆಲಸದ ಬಗೆಯನ್ನು ಹುಡುಕಿದರು. ಅಡ್ವಾಣಿ ಹೊರಗಿದ್ದರು, ಬಾಗಿಲು ತಟ್ಟಬೇಕಾಯಿತು. ಅಂದರೆ ಒಳಗಿರುವವರ ವಿಷಯದಲ್ಲಿ ನಾವು ಹೇಗೆ ಸಾಧ್ಯ ಎಂದು ಕೇಳುತ್ತೇವೆ, ಹೊರಗಿರುವವರ ವಿಷಯದಲ್ಲಿ ಏಕೆ ಅಸಾಧ್ಯ ಎಂದು ಪಟ್ಟಿ ಮಾಡುತ್ತೇವೆ. ಹಾಗಾಗಿ ರೋಗಿಯ ಜೀವದ ಪ್ರಶ್ನೆಗೆ ಉತ್ತರ ಒಂದು ಅಂಕಿಯಲ್ಲಿಲ್ಲ, ಕೆಲಸದ ವಿವರದಲ್ಲಿದೆ. ಧ್ವನಿಯನ್ನು ಹೆಚ್ಚಿಸುವ, ಎದೆಬಡಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಸ್ಟೆತೋಸ್ಕೋಪುಗಳಿವೆ. ಕುಳಿತವರನ್ನು ಎತ್ತಿ ನಿಲ್ಲಿಸುವ ಗಾಲಿಕುರ್ಚಿಗಳಿವೆ. ಎದೆಯೊತ್ತುವುದು ತಂಡದ ಕೆಲಸ. ಒತ್ತಲಾರದವರು ಅದನ್ನು ಹೇಗೆ ಮಾಡಬೇಕೆಂದು ತಿಳಿದು ನಿರ್ದೇಶಿಸಬಲ್ಲರು. ಎಲ್ಲ ವೈದ್ಯರೂ ಎಲ್ಲವನ್ನೂ ಮಾಡುವುದಿಲ್ಲ. ಮನೋವೈದ್ಯರು ಹೊಟ್ಟೆ ಕೊಯ್ಯುವುದಿಲ್ಲ, ಎಕ್ಸ್‌ರೇ ಓದುವವರು ಹೆರಿಗೆ ಮಾಡಿಸುವುದಿಲ್ಲ. ಕೆಲವು ಕೆಲಸಗಳು ಕೆಲವರಿಂದ ಆಗವು ಎಂಬುದೂ ನಿಜ. ಅದನ್ನು ಆಯಾ ಕೆಲಸದ ಬಳಿ, ಆಯಾ ವ್ಯಕ್ತಿಯನ್ನು ಕಂಡು ನಿರ್ಧರಿಸಬೇಕೇ ಹೊರತು ಹದಿನೆಂಟು ವರ್ಷದ ಮಗುವಿನ ಪ್ರಮಾಣಪತ್ರದಲ್ಲಿ ಅಲ್ಲ.

ಇನ್ನು ತೀರ್ಪುಗಳನ್ನೂ ಒಮ್ಮೆ ವಿಮರ್ಶಕನ ಕಣ್ಣಿನಿಂದ ನೋಡೋಣ. ಅವು ಕೊಟ್ಟ ಬೆಳಕನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೂ 2024ರ ಅಕ್ಟೋಬರ್ 15ರ ತೀರ್ಪಿನ ಕೊನೆಯಲ್ಲಿ ಬರುವ ಸಾಧಕರ ಪಟ್ಟಿಯ ಮುಂದೆ ನಾವು ಸ್ವಲ್ಪ ತಡೆದು ನಿಲ್ಲುತ್ತೇವೆ. ಕೃತಕ ಕಾಲಿನಿಂದ ಭರತನಾಟ್ಯಕ್ಕೆ ಮರಳಿದ ಸುಧಾ ಚಂದ್ರನ್, ಎವರೆಸ್ಟ್ ಏರಿದ ಅರುಣಿಮಾ ಸಿನ್ಹಾ, ನಮ್ಮ ಬೆಂಗಳೂರಿನ ಗಾಲಿಕುರ್ಚಿ ಟೆನಿಸ್ ಆಟಗಾರ ಬೋನಿಫೇಸ್ ಪ್ರಭು ಮೊದಲಾದವರ ಹೆಸರುಗಳು ಅಲ್ಲಿವೆ. ಎಲ್ಲರೂ ಗೌರವಕ್ಕೆ ಪಾತ್ರರು. ಆದರೆ ಒಬ್ಬ ಹುಡುಗ ಎಂಬಿಬಿಎಸ್ ಓದಲು ಎವರೆಸ್ಟನ್ನು ಏಕೆ ಸಾಕ್ಷಿಗೆ ಕರೆಯಬೇಕು? ಊನವಿಲ್ಲದ ಸಾಧಾರಣ ವಿದ್ಯಾರ್ಥಿ ಸಾಧಾರಣ ವೈದ್ಯನಾಗುವುದನ್ನು ನಾವು ಸಹಜವೆಂದು ಒಪ್ಪುತ್ತೇವೆ. ಅಂಗವಿಕಲ ವಿದ್ಯಾರ್ಥಿ ಮಾತ್ರ ಅಸಾಧಾರಣನಾಗಿದ್ದರೆ ಒಳಗೆ ಬರಬಹುದು ಎಂಬ ಭಾವ ನಮ್ಮ ಹೊಗಳಿಕೆಯಲ್ಲೇ ಅಡಗಿದೆ. ಪ್ರತಿ ವರ್ಷ ಡಿಸೆಂಬರ್ 3ರಂದು ನಮ್ಮ ಪತ್ರಿಕೆಗಳು ಪ್ರಕಟಿಸುವ ಸಾಧಕರ ಚಿತ್ರಗಳಲ್ಲೂ ಇದೇ ಭಾವ. ಸಮಾನತೆ ಎಂದರೆ ಸಾಧಾರಣನಾಗಿರುವ ಹಕ್ಕು ಕೂಡ.

ಎರಡನೆಯ ಮಾತು, ಈ ಗೆಲುವುಗಳೆಲ್ಲ ಒಂಟಿ ಗೆಲುವುಗಳು. ಸೀಟು ಹಂಚಿಕೆಯ ಸುತ್ತುಗಳು ನ್ಯಾಯಾಲಯದ ದಿನಾಂಕಕ್ಕೆ ಕಾಯುವುದಿಲ್ಲ. ದೆಹಲಿಗೆ ಹೋಗಿ ವಕೀಲರನ್ನು ಹಿಡಿಯಬಲ್ಲ ಒಬ್ಬನ ಹಿಂದೆ, ಜಿಲ್ಲಾ ಮಂಡಳಿಯ ಚೀಟಿಯನ್ನೇ ಹಣೆಬರಹವೆಂದು ತಿಳಿದು ಮನೆಗೆ ಮರಳಿದವರು ಎಷ್ಟು ಮಂದಿಯೋ! 2025ರ ಮೇ 2ರಂದು ಇಂಥದೇ ಮತ್ತೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎರಡು ತಿಂಗಳೊಳಗೆ ಮಾರ್ಗಸೂಚಿಯ ಪರಿಷ್ಕರಣೆ ಮುಗಿಸಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಹೇಳಬೇಕಾಯಿತು. ಜುಲೈಯಲ್ಲಿ ಆಯೋಗ ಆ ಶೈಕ್ಷಣಿಕ ವರ್ಷಕ್ಕೆ ತಾತ್ಕಾಲಿಕ ಮಾರ್ಗಸೂಚಿ ತಂದಿತು. ಅದರಲ್ಲಿ ತನ್ನ ದೇಹದಿಂದ ಏನೇನು ಆಗುತ್ತದೆ ಎಂದು ಅಭ್ಯರ್ಥಿಯೇ ಅಫಿದವಿತ್ ಬರೆದು ಕೊಡಬೇಕಿತ್ತು. ನಿನ್ನಿಂದ ಏನಾಗುತ್ತದೆ ಎಂದು ವಿದ್ಯಾರ್ಥಿಯನ್ನು ಕೇಳುವ ಅಫಿದವಿತ್ ಬಂತು. ನಿಮ್ಮಲ್ಲಿ ಏನಿದೆ ಎಂದು ಕಾಲೇಜನ್ನು ಕೇಳುವ ಅಫಿದವಿತ್ ಎಲ್ಲಿ? ಇಳಿಜಾರು ಇದೆಯೇ, ಲಿಫ್ಟು ಇದೆಯೇ, ಪ್ರಯೋಗಾಲಯದ ಮೇಜನ್ನು ತಗ್ಗಿಸಬಹುದೇ, ಪಾಠಕ್ಕೆ ಸಂಜ್ಞಾ ಭಾಷೆಯ ನೆರವು ಸಿಗುವುದೇ?

ಕಾಯ್ದೆ ಈ ಎರಡನೆಯ ಪ್ರಶ್ನೆಯನ್ನು ಆಗಲೇ ಕೇಳಿದೆ. 2016ರ ಕಾಯ್ದೆಯ ಪ್ರಕಾರ ಶಿಕ್ಷಣ ಸಂಸ್ಥೆಗಳು ತಮ್ಮ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಬೇಕು, ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಒದಗಿಸಬೇಕು. ಆಸ್ಪತ್ರೆಗಳ ಎಲ್ಲ ಭಾಗಗಳೂ, ಅವು ಸರಕಾರದ್ದಿರಲಿ ಖಾಸಗಿಯದ್ದಿರಲಿ, ಅಡೆತಡೆಯಿಲ್ಲದೆ ಇರಬೇಕು. ಆದರೆ ಕಾಯ್ದೆಯ ಅಡಿಯ ನಿಯಮಗಳಲ್ಲಿ ಈ ಮಾನದಂಡಗಳು ಸಲಹೆಯ ಧಾಟಿಯಲ್ಲೇ ಉಳಿದಿದ್ದವು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಇದನ್ನು ಕಾಯ್ದೆಗೆ ವಿರುದ್ಧವೆಂದು ಹೇಳಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮಗಳನ್ನು ರೂಪಿಸಲು ಆದೇಶಿಸಿತು. ವಿದ್ಯಾರ್ಥಿಗೆ ಬಂದರೆ ಕಡ್ಡಾಯ, ಕಟ್ಟಡಕ್ಕೆ ಬಂದರೆ ಸಲಹೆ! ಈ ಎರಡು ಪದಗಳ ನಡುವಿನ ಅಂತರದಲ್ಲಿ ನಮ್ಮ ನೀತಿಯ ನಿಜರೂಪ ಇದೆ.

ಇದು ವೈದ್ಯರಾಗಬಯಸುವ ಕೆಲವರ ಸಮಸ್ಯೆ ಮಾತ್ರ ಎಂದು ಓದುಗರು ಭಾವಿಸಬಾರದು. ವೈದ್ಯರಿಗೆ ಮುಚ್ಚಿದ ಬಾಗಿಲು ರೋಗಿಗೂ ಮುಚ್ಚಿರುತ್ತದೆ. ಗಾಲಿಕುರ್ಚಿಯ ವಿದ್ಯಾರ್ಥಿ ಏರಲಾರದ ಮೆಟ್ಟಿಲನ್ನು ಗಾಲಿಕುರ್ಚಿಯ ರೋಗಿಯೂ ಏರಲಾರಳು. 2011ರ ಜನಗಣತಿ ನಮ್ಮ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಲೆಕ್ಕ ಹಾಕಿತು. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಆಗ ಗುರುತಿಸುತ್ತಿದ್ದ ವೈಕಲ್ಯಗಳು ಕೆಲವೇ. 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ವರದಿಯ ಪ್ರಕಾರ ಜಗತ್ತಿನ 130 ಕೋಟಿ ಜನರಿಗೆ, ಅಂದರೆ ಆರರಲ್ಲಿ ಒಬ್ಬರಿಗೆ, ಗಣನೀಯವಾದ ವೈಕಲ್ಯವಿದೆ. ಅವರಲ್ಲಿ ಕೆಲವರು ಉಳಿದವರಿಗಿಂತ 20 ವರ್ಷಗಳಷ್ಟು ಮೊದಲೇ ಸಾಯುತ್ತಾರೆ. ಈ ಸಾವುಗಳಿಗೆ ವೈಕಲ್ಯವೊಂದೇ ಕಾರಣವಲ್ಲ. ತಲುಪಲಾಗದ ಆಸ್ಪತ್ರೆ, ಅರ್ಥವಾಗದ ಸೂಚನೆ, ತಾತ್ಸಾರದ ಮಾತು, ಬಡತನ ಇವೆಲ್ಲ ಸೇರಿ ಆಯುಸ್ಸನ್ನು ಕತ್ತರಿಸುತ್ತವೆ.

ಹೆರಿಗೆಗೆ ಬಂದ ಕಿವುಡ ಹೆಣ್ಣುಮಗಳನ್ನು ನೆನೆಯಿರಿ. ನೋವು ಎಲ್ಲಿ, ಎಷ್ಟು ಹೊತ್ತಿನಿಂದ ಎಂದು ಆಕೆಯನ್ನು ಯಾರೂ ಕೇಳುವುದಿಲ್ಲ, ಜೊತೆಗೆ ಬಂದ ಅತ್ತೆಯನ್ನೋ ಗಂಡನನ್ನೋ ಕೇಳುತ್ತಾರೆ. ಆಕೆಯ ದೇಹದ ಗುಟ್ಟುಗಳು ಇನ್ನೊಬ್ಬರ ಬಾಯಿಯಿಂದ ಹೊರಬರುತ್ತವೆ. ಎತ್ತರದ ಪರೀಕ್ಷಾ ಮೇಜಿನ ಮೇಲೆ ಏರಲಾರದವರನ್ನು ಕುರ್ಚಿಯಲ್ಲೇ ಕೂರಿಸಿ ಅರ್ಧ ಪರೀಕ್ಷೆ ಮಾಡಿ ಕಳುಹಿಸುವುದನ್ನು ಯಾವ ಊರಿನ ಆಸ್ಪತ್ರೆಯಲ್ಲಿ ಕಂಡಿಲ್ಲ? ಕೊರೋನಾ ಕಾಲದಲ್ಲಿ ಲಸಿಕೆಗೆ ಹೆಸರು ಬರೆಸುವ ಕೋವಿನ್ ತಾಣದಲ್ಲಿ ಕಣ್ಣಿಲ್ಲದವರು ಕೇಳಿ ತುಂಬುವ ಸಂಕೇತಾಕ್ಷರದ ವ್ಯವಸ್ಥೆಯೇ ಇರಲಿಲ್ಲ. 2021ರ ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹೇಳಬೇಕಾಯಿತು. ಆ ತಾಣವನ್ನು ಕಟ್ಟಿದ ಕೋಣೆಯಲ್ಲಿ ಕಣ್ಣಿಲ್ಲದ ಒಬ್ಬರು ಇದ್ದಿದ್ದರೆ ಮೊದಲ ದಿನವೇ ಅದು ತಿಳಿಯುತ್ತಿತ್ತು.

ವೈದ್ಯ ಪಠ್ಯವೂ ಇದೇ ಕತೆ ಹೇಳುತ್ತದೆ. ಡಾ. ಸತೇಂದ್ರ ಸಿಂಗ್ ಮೊದಲಾದವರ ಒತ್ತಾಯದಿಂದ 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಅಂಗವಿಕಲ ರೋಗಿಗಳೊಂದಿಗೆ ವ್ಯವಹರಿಸುವ ತಿಳಿವಳಿಕೆ ಸೇರಿಕೊಂಡಿತು. 2024ರ ಆಗಸ್ಟಿನಲ್ಲಿ ಬಂದ ಹೊಸ ಮಾರ್ಗಸೂಚಿಯಿಂದ ಅದು ಸದ್ದಿಲ್ಲದೆ ಮಾಯವಾಯಿತು. ಪ್ರತಿಭಟನೆಯ ಬಳಿಕ ಸೆಪ್ಟೆಂಬರಿನಲ್ಲಿ ಆ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡು ಪರಿಷ್ಕರಿಸಬೇಕಾಯಿತು. ವೈದ್ಯರು, ದಾದಿಯರ ಶಿಕ್ಷಣದಲ್ಲಿ ಅಂಗವೈಕಲ್ಯದ ವಿಷಯ ಇರಬೇಕೆಂದು ಕಾಯ್ದೆಯೇ ಹೇಳಿರುವಾಗ ಅದು ಅಳಿಸಿಹೋದದ್ದು ಹೇಗೆ? ಅಳಿಸಿದವರಿಗೆ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಕೊರತೆಯೆಂದೇ ಅನಿಸದಿರುವುದು ದುರುದ್ದೇಶಕ್ಕಿಂತ ದೊಡ್ಡ ಅಪಾಯ.

ಈ ಬಾಗಿಲು ವೈದ್ಯಕೀಯ ಕಾಲೇಜಿನಲ್ಲಿ ಮುಚ್ಚಿಕೊಳ್ಳುವುದಕ್ಕಿಂತ ಮೊದಲೇ, ಶಾಲೆಯಲ್ಲೇ, ಅರ್ಧ ಮುಚ್ಚಿರುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯನ್ನು ಗಮನಿಸಿದವರಿಗೆ ಗೊತ್ತು: ಗಣಿತದ ದಿನದಲ್ಲಿ ಸಮಾಜಶಾಸ್ತ್ರ, ವಿಜ್ಞಾನದ ದಿನದಲ್ಲಿ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ. ಇವು ಅಂಗವಿಕಲ ಮಕ್ಕಳಿಗೆ ಅನುಕೂಲವಾಗಲೆಂದು ಕೊಟ್ಟ ಬದಲಿ ವಿಷಯಗಳು. ಉದ್ದೇಶ ಒಳ್ಳೆಯದೇ, ಎಷ್ಟೋ ಮಕ್ಕಳು ಇದರಿಂದ ಪಾಸಾಗಿದ್ದಾರೆ. ಆದರೆ ಹದಿನೈದನೆಯ ವಯಸ್ಸಿನಲ್ಲಿ ಗಣಿತ ವಿಜ್ಞಾನಗಳನ್ನು ಬಿಟ್ಟ ಮಗು ಮುಂದೆ ಯಾವ ಪ್ರಯೋಗಾಲಯದ ಬಾಗಿಲು ತಟ್ಟೀತು? ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತದ ದಾರಿ ತೆರೆದ ಮಹನೀಯರು. ಕನ್ನಡನಾಡು ಅವರ ಋಣ ತೀರಿಸಲಾರದು. ಆದರೆ ಅವರು ತೆರೆದದ್ದು ಒಂದು ದಾರಿಯನ್ನು. ಅದೊಂದೇ ದಾರಿ ಎಂದು ನಾವು ತಿಳಿದುಕೊಂಡೆವು. ಕಣ್ಣಿಲ್ಲದವರಿಗೆ ರಾಗವನ್ನು ಕೊಟ್ಟೆವು, ರಸಾಯನಶಾಸ್ತ್ರವನ್ನು ಕೊಡಲಿಲ್ಲ.

ಕೇಳಿದವರು ಇದ್ದರು. ಆಂಧ್ರದ ಹಳ್ಳಿಯ ಶ್ರೀಕಾಂತ್ ಬೊಲ್ಲ ಹತ್ತನೆಯ ತರಗತಿಯ ಬಳಿಕ ವಿಜ್ಞಾನ ಓದಲು ಹೋರಾಡಬೇಕಾಯಿತು. ದೆಹಲಿಯ ಕಾರ್ತಿಕ್ ಸಾಹ್ನಿ ಅದಕ್ಕಾಗಿಯೇ ಸಿಬಿಎಸ್‌ಇ ಮಂಡಳಿಯ ಬೆನ್ನು ಹತ್ತಬೇಕಾಯಿತು. ಇಬ್ಬರಿಗೂ ಕಣ್ಣು ಕಾಣದು. ಮುಂದೆ ಒಬ್ಬರನ್ನು ಅಮೆರಿಕದ ಎಂಐಟಿ, ಇನ್ನೊಬ್ಬರನ್ನು ಸ್ಟ್ಯಾನ್‌ಫರ್ಡ್ ಸೇರಿಸಿಕೊಂಡವು. ಇಲ್ಲಿ ಬೇಡವಾದವರು ಅಲ್ಲಿ ಬೇಕಾದರು. ಇದನ್ನು ಹೆಮ್ಮೆಯ ಸುದ್ದಿಯಾಗಿ ಓದಿದ ನಾವು ಇದರಲ್ಲಿದ್ದ ಅವಮಾನವನ್ನು ಗಮನಿಸಲಿಲ್ಲ.

ನಾವು ಬಳಸುವ ಶಬ್ದಗಳೂ ಈ ಕುರುಡುತನದಿಂದ ಹೊರತಲ್ಲ. ನೋಡಿ, ಈಗ ತಾನೇ ನಾವು ಕುರುಡುತನ ಎಂಬ ಪದವನ್ನು ತಪ್ಪು ಎಂಬರ್ಥದಲ್ಲಿ ಬಳಸಿಬಿಟ್ಟೆವು! ಇಷ್ಟು ಸಲೀಸಾಗಿ ಭಾಷೆ ನಮ್ಮನ್ನು ಸೋಲಿಸುತ್ತದೆ. ಅಂಗವಿಕಲ ಎನ್ನುವುದು ಒರಟಾಯಿತೆಂದು ನಮ್ಮ ರಾಜ್ಯದ ಇಲಾಖೆ ವಿಕಲಚೇತನ ಎಂದಿತು. ಅಂಗಕ್ಕಿದ್ದ ಊನವನ್ನು ಚೇತನಕ್ಕೇ ಅಂಟಿಸಿದಂತಾಯಿತು. 2015ರ ಬಳಿಕ ಕೇಂದ್ರದಿಂದ ದಿವ್ಯಾಂಗ ಎಂಬ ಪದ ಬಂತು. ದಿವ್ಯವಾದ ಅಂಗಕ್ಕೆ ಇಳಿಜಾರು ಬೇಡ, ಲಿಫ್ಟೂ ಬೇಡ, ಕೈಮುಗಿದರೆ ಸಾಕು. ಕೀಳಾಗಿಸುವುದು, ದೇವರಾಗಿಸುವುದು ಎರಡೂ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳದಿರುವ ಉಪಾಯಗಳೇ.

ಮತ್ತೆ ಮೊದಲಿನ ವಾಕ್ಯಕ್ಕೆ ಬರೋಣ. ಎರಡೂ ಕೈಗಳು ಸರಿ ಇರಬೇಕು. ಈ ವಾಕ್ಯವನ್ನು ಅಳಿಸಬೇಕೆಂದು ನಾವು ಈಗ ಹೇಳುವುದಿಲ್ಲ, ಕರ್ತೃವನ್ನು ಬದಲಿಸಿದರೆ ಸಾಕು. ವಿದ್ಯಾರ್ಥಿಯ ಬದಲು ವ್ಯವಸ್ಥೆಯ ಎರಡೂ ಕೈಗಳು ಸರಿ ಇರಬೇಕು: ಬಾಗಿಲು ತೆರೆಯುವ ಒಂದು ಕೈ, ಒಳಗೆ ಬಂದವರಿಗೆ ಆಸರೆಯಾಗುವ ಇನ್ನೊಂದು ಕೈ. ಅವುಗಳಲ್ಲಿ ಸಾಕಷ್ಟು ಬಲ ಇರಬೇಕು. ಎಲ್ಲಕ್ಕಿಂತ ಮೊದಲು, ಸ್ಪರ್ಶಜ್ಞಾನ ಇರಬೇಕು.